ಲಂಗರು ಹಾಕುವ ಜಾಗ

ಸಮುದ್ರಕ್ಕೂ ನಮಗೂ ಯಾವ ನಂಟೂ ಇಲ್ಲ. ಸಮುದ್ರಕ್ಕೆ ಹೋಗಬೇಕಾಗಿದ್ದ ನೀರನ್ನು ಲಿಂಗನಮಕ್ಕಿಯಲ್ಲಿ ತಡೆದು ನಿಲ್ಲಿಸಿ, ಅದರ ದಂಡೆಯ ಮೇಲೆ ನಮ್ಮನ್ನು ಕೂರಿಸಿದ್ದಾರೆ, ಅಷ್ಟೇ. ಹೀಗಿರುವಾಗ ಎಪ್ಪತ್ತರ ಹತ್ತಿರ ಬಂದ ನನ್ನಪ್ಪ ಜಗಲಿಯ ಮೇಲೆ ಕೂತು, 'ಪೋರ್ಟ್ ಅಂದ್ರೆ ಎಡ, ಸ್ಟಾರ್‌ಬೋರ್ಡ್ ಅಂದ್ರೆ ಬಲ' ಎಂದು ಮಗ್ಗಿಯ ರಾಗದಲ್ಲಿ ಬಾಯಿಪಾಠ ಮಾಡುತ್ತಿದ್ದುದನ್ನು ಕೇಳಿದವರು ಯಾರೇ ಆದರೂ ಮುದುಕನಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಬೇರೆಯವರು ಯಾಕೆ, ಅಮ್ಮನೇ ಅನ್ನುತ್ತಿದ್ದಳು.

ಇದಕ್ಕೆಲ್ಲ ಮೂಲ ಸೇತುವೆ. ಹಿನ್ನೀರಿಗೆ ದೊಡ್ಡ ಸೇತುವೆ ಬಂತು, ಬಸ್ಸುಗಳನ್ನೇ ಹೊತ್ತು ದಾಟಿಸುತ್ತಿದ್ದ ಲಾಂಚಿಗೆ ಕೆಲಸ ಇಲ್ಲದಂತಾಯಿತು, ಜನ ಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ನಮ್ಮ ಕೇರಿಯವರಿಗೆ ಮಾತ್ರ ಆ ಸೇತುವೆ ಮುಟ್ಟಬೇಕೆಂದರೂ ಮೊದಲು ಒಂದು ನೀರು ದಾಟಬೇಕು. ಹಿನ್ನೀರು ಕೈ ಬೆರಳುಗಳ ಹಾಗೆ ಕಣಿವೆಗಳೊಳಗೆ ಚಾಚಿಕೊಂಡಿದೆ. ನಾವು ಇರುವುದು ಅಂಥ ಎರಡು ಬೆರಳುಗಳ ನಡುವೆ. ಕಾಡಿನ ಸುತ್ತುದಾರಿಯಲ್ಲಿ ಜೀಪು ಬರುತ್ತದೆ, ಅದಕ್ಕೆ ಅರ್ಧ ದಿನ ಬೇಕು. ಇಲ್ಲಿಂದ ನೇರ ಆಚೆ ದಾಟಿಸುವುದು ಅಪ್ಪನ ದೋಣಿ. ಹಳೆಯ ಪಂಪ್‌ಸೆಟ್ಟಿನ ಇಂಜಿನ್ ಕೂರಿಸಿದ ಕಬ್ಬಿಣದ ದೋಣಿ ಅದು. ಶಾಲೆಯ ಮಕ್ಕಳು, ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಹೆರಿಗೆಗೆ ಹೊರಟ ಹೆಂಗಸರು, ವರದಹಳ್ಳಿಗೆ ಹೊರಟ ಭಕ್ತರು, ಎಲ್ಲ ಅದರಲ್ಲೇ.

ದೊಡ್ಡ ದೋಣಿಯ ಚಿಂತೆ ಮುಗಿದ ಮೇಲೆ ಸಣ್ಣ ದೋಣಿಗಳ ಮೇಲೆ ಸರ್ಕಾರದ ಕಣ್ಣು ಬಿತ್ತು. ಇಂಜಿನ್ ಇರುವ ದೋಣಿ ನಡೆಸುವವರೆಲ್ಲ ಪರೀಕ್ಷೆ ಪಾಸಾಗಿ ಪರವಾನಗಿ ತೆಗೆದುಕೊಳ್ಳಬೇಕು, ಅಲ್ಲಿಯವರೆಗೆ ದೋಣಿ ನೀರಿಗಿಳಿಸಬಾರದು ಎಂದರು. ಅಪ್ಪ ದೋಣಿಯನ್ನು ದಂಡೆಯ ಮರಕ್ಕೆ ಸರಪಳಿ ಹಾಕಿ ಕಟ್ಟಿ ಮನೆಗೆ ಬಂದು ಕೂತ.

ಅಪ್ಪ ಮನೆಯಲ್ಲಿ ಕೂರುವುದು ಎಂದರೇನು ಎಂಬುದು ನಮಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಕೆಡದೇ ಇದ್ದ ಮಿಕ್ಸಿಯನ್ನು ಬಿಚ್ಚಿ ಕೆಡಿಸಿದ. ಒಲೆಯ ಉರಿ ಜಾಸ್ತಿಯಾಯಿತು ಎಂದ, ಕಡಿಮೆಯಾಯಿತು ಎಂದ. ಅಮ್ಮ ಸಾಗರ ಪೇಟೆಯಲ್ಲಿರುವ ಮಗಳಾದ ನನಗೆ ಫೋನ್ ಮಾಡಿ, "ನಿಮ್ಮಪ್ಪಂಗೆ ಹ್ಯಾಂಗಾರೂ ಮಾಡಿ ಆ ಪರೀಕ್ಷೆ ಪಾಸ್ ಮಾಡ್ಸು. ಇಲ್ದಿದ್ರೆ ಇಬ್ರಲ್ಲಿ ಒಬ್ರು ನೀರಿಗೆ ಹಾರ್ತೀವಿ. ಅದು ನಾನಂತೂ ಅಲ್ಲ" ಎಂದಳು. ಅವಳು ತೀರ್ಥಹಳ್ಳಿ ಕಡೆಯವಳು, ಕವಲೇದುರ್ಗದ ಬುಡದಲ್ಲಿ ಹುಟ್ಟಿದವಳು. ಹರಿಯುವ ತುಂಗೆಯನ್ನು ಕಂಡವಳಿಗೆ ನಮ್ಮ ನಿಂತ ನೀರಿನ ಮೇಲೆ ಮೊದಲಿನಿಂದಲೂ ಅಸಡ್ಡೆ.

ತಮಾಷೆಯ ಮಾತು ಹಾಗಿರಲಿ, ನನಗೂ ಹೆದರಿಕೆಯಾಗಿತ್ತು. ಸಂಜೆ ಹೊತ್ತು ಅಪ್ಪ ದಂಡೆಗೆ ಹೋಗಿ, ಕಟ್ಟಿಹಾಕಿದ ದೋಣಿಯೊಳಗೆ ಸುಮ್ಮನೆ ಕೂತು ಬರುತ್ತಾನೆ ಎಂದು ಅಮ್ಮ ಹೇಳಿದ್ದಳು. ಊಟ ಅರ್ಧ ಮಾಡಿದ್ದಾನೆ ಎಂದೂ ಹೇಳಿದಳು. ನೀರಿನ ಮೇಲೆ ಹೋಗಲು ಬಿಡದಿದ್ದರೆ ಈ ಮನುಷ್ಯ ಹೆಚ್ಚು ದಿನ ಬದುಕುವುದಿಲ್ಲ ಎಂದು ನನಗೆ ಅನ್ನಿಸಿತು, ಅದು ತಪ್ಪೂ ಆಗಿರಲಿಲ್ಲ.

ಸಾಗರದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಜಗತ್ತಿನ ಎಲ್ಲ ಪರೀಕ್ಷೆಗಳ ಪುಸ್ತಕಗಳೂ ನನ್ನ ಕೈಯಲ್ಲಿ ಹಾದುಹೋಗುತ್ತವೆ. ದೋಣಿಯವರ ಪರೀಕ್ಷೆಯದ್ದೂ ಸಿಕ್ಕಿತು. ಶನಿವಾರ ಅಂಗಡಿ ಮುಚ್ಚಿ, ಪುಸ್ತಕ ಹಿಡಿದು ಊರಿಗೆ ಹೋಗಿ, ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರು ಮಾಡಿದೆ.

ಅಪ್ಪನ ಮಟ್ಟಿಗೆ ದೋಣಿ ಒಂದು ಎಮ್ಮೆ. ಮುಂದಿನ ತುದಿ ಮೂತಿ, ಹಿಂದಿನ ತುದಿ ಕುಂಡೆ, ಒಳಗೆ ಸೇರುವ ನೀರು ಹೊಟ್ಟೆನೀರು. "ಮೂತಿ ತಿರುಗ್ಸು, ಕುಂಡೆ ತಾಗ್ತದೆ" ಎಂದು ಜೀವಮಾನವಿಡೀ ಕೂಗಿದವನಿಗೆ ನಾನು ಮೂತಿಯನ್ನು ಬೋ ಎಂದೂ ಕುಂಡೆಯನ್ನು ಸ್ಟರ್ನ್ ಎಂದೂ ಹೊಟ್ಟೆನೀರನ್ನು ಬಿಲ್ಜ್ ಎಂದೂ ಹೇಳಿಕೊಡಬೇಕಾಯಿತು. ಅಪ್ಪ ಕೇಳಿದ, "ಸಾಹೇಬ್ರ ಎದುರಿಗೆ ಕುಂಡೆ ಅಂದ್ರೆ ಫೇಲ್ ಮಾಡ್ತಾರಾ?" ಮಾಡದೆ ಇರಬಹುದು, ಆದರೆ ನೀನು ಹೇಳಬೇಡ ಎಂದೆ.

ಎಡಬಲದ ಹತ್ತಿರ ಜಗಳವಾಯಿತು. ಎಡಕ್ಕೆ ಎಡ ಎಂದರೆ ಸಾಲದೇ, ಅದಕ್ಕೆ ಬೇರೆ ಹೆಸರು ಯಾಕೆ ಎಂಬುದು ಅಪ್ಪನ ವಾದ. ನಾನು ಅವನಿಗೆ ಎದುರಾಗಿ ಕೂತು ಎಡಗೈ ಎತ್ತಿದೆ. ನನ್ನ ಎಡ ಅವನ ಬಲಕ್ಕಿತ್ತು. ಗಾಳಿ ಮಳೆಯಲ್ಲಿ ಒಬ್ಬ ಹೀಗೆ ಒಬ್ಬ ಹಾಗೆ ನಿಂತು 'ಎಡಕ್ಕೆ, ಎಡಕ್ಕೆ' ಎಂದು ಕೂಗಿದರೆ ದೋಣಿ ಎತ್ತ ಹೋಗಬೇಕು? ಅದಕ್ಕೇ ದೋಣಿಯದ್ದೇ ಆದ ಎಡಬಲ ಇಟ್ಟಿದ್ದಾರೆ, ನೀನು ಎತ್ತ ಮುಖ ಮಾಡಿದರೂ ಅದು ಬದಲಾಗುವುದಿಲ್ಲ ಎಂದೆ. ಅಪ್ಪ ಬಹಳ ಹೊತ್ತು ಯೋಚಿಸಿ, "ಇದು ಮನೇಲೂ ಇದ್ದಿದ್ರೆ ಚಲೋ ಇತ್ತು" ಎಂದು ಅಡುಗೆಮನೆಯ ಕಡೆ ನೋಡಿದ.

ಫ್ಯಾದಮ್ ಎಂಬ ಶಬ್ದ ಮಾತ್ರ ಅವನಿಗೆ ಖುಷಿ ಕೊಟ್ಟಿತು. ಎರಡೂ ಕೈ ಚಾಚಿದರೆ ಎಷ್ಟೋ ಅಷ್ಟು ಆಳ ಎಂದಾಗ, "ಅಂದ್ರೆ ಮಾರು. ಅದನ್ನ ಮೊದ್ಲೇ ಹೇಳಾದಲ್ವಾ" ಎಂದ. ಹಗ್ಗದಲ್ಲಿ ಗಂಟು ಹಾಕಿ ನೀರಿಗೆ ಬಿಟ್ಟು, ಎಷ್ಟು ಗಂಟು ಜಾರಿತು ಎಂದು ನೋಡಿ ಹಡಗಿನ ವೇಗ ಹೇಳುತ್ತಿದ್ದರು, ಅದಕ್ಕೇ ವೇಗಕ್ಕೆ ನಾಟ್ ಎಂದು ಹೆಸರು ಎಂದೆ. ಕೆಲಸವಿಲ್ಲದವರು ಎಂದ. ಗಾಳಿ ಬರುವ ಮಗ್ಗುಲು ವಿಂಡ್‌ವರ್ಡ್, ಗಾಳಿಮರೆಯ ಮಗ್ಗುಲು ಲೀ. ದೋಣಿ ನೀರಿನೊಳಗೆ ಎಷ್ಟು ಇಳಿದಿದೆ ಎಂಬ ಅಳತೆಗೆ ಡ್ರಾಫ್ಟ್. ಅದನ್ನು ವಿವರಿಸುವಾಗ ಅಪ್ಪ, ನಿಮ್ಮಮ್ಮ ಕೂತರೆ ಒಂದು ಅಳತೆ ಇಳಿದರೆ ಇನ್ನೊಂದು, ಯಾವುದನ್ನು ಹೇಳಲಿ ಎಂದು ಕೇಳಿದ. ಆ ಮಧ್ಯಾಹ್ನ ನಮಗಿಬ್ಬರಿಗೂ ಊಟ ತಡವಾಗಿ ಸಿಕ್ಕಿತು.

ಒಂದೇ ಒಂದು ಶಬ್ದಕ್ಕೆ ಅಪ್ಪ ತಮಾಷೆ ಮಾಡಲಿಲ್ಲ. ಅದು ಹೋಲ್ಡಿಂಗ್ ಗ್ರೌಂಡ್. ಲಂಗರು ಕಚ್ಚಿ ನಿಲ್ಲುವಂಥ ನೆಲ ಎಂದು ಅರ್ಥ. ಜೇಡಿಯಾದರೆ ಒಳ್ಳೆಯದು, ಬಂಡೆಯಾದರೆ ಜಾರುತ್ತದೆ, ಕೆಳಗೆ ಏನಿದೆ ಎಂದು ಗೊತ್ತಿದ್ದೇ ಲಂಗರು ಹಾಕಬೇಕು ಎಂದು ಓದಿ ಹೇಳಿದೆ. "ಗೊತ್ತದೆ" ಎಂದು ಎದ್ದು ಹೋದ.

ಕೆಳಗೆ ಏನಿದೆ ಎಂಬುದು ಅವನಿಗೆ ಗೊತ್ತಿರುವುದು ಸಹಜ. ಕೆಳಗಿರುವುದು ಅವನ ಊರು. ಹಿನ್ನೀರಿನ ಹೊಸನಗರದ ಕಡೆ ಈಗಲೂ ನೀರಿನಿಂದ ಒಣಮರಗಳ ತಲೆ ಕಾಣುತ್ತದೆ, ನಮ್ಮ ಕಡೆ ಅದೂ ಇಲ್ಲ. ಹಳೆಯ ಊರು ಹೊಳೆಯ ಮಗ್ಗುಲಲ್ಲೇ ತಗ್ಗಿನಲ್ಲಿತ್ತಂತೆ, ಎಂಥ ಬೇಸಿಗೆ ಬಂದರೂ ಅದು ಮೇಲೆ ಬರುವುದಿಲ್ಲ. ಅಣೆಕಟ್ಟೆ ತುಂಬಿದಾಗ ಅಪ್ಪ ಸಣ್ಣ ಹುಡುಗ. ಹೆಚ್ಚಿನವರು ಶಿವಮೊಗ್ಗದ ಕಡೆಗೆ ಹೋದರು, ನಮ್ಮವರಂಥ ಕೆಲವರು ಗುಡ್ಡ ಹತ್ತಿ ಅಲ್ಲೇ ಉಳಿದರು. ಗೇಣಿಗೆ ಮಾಡುತ್ತಿದ್ದ ಗದ್ದೆಯಂತೆ ಅದು. ಇನ್ನೇನು ಸ್ವಂತದ್ದಾಗುವ ಕಾಲ ಬರುವ ಮೊದಲೇ ಮುಳುಗಿ ಯಾರದ್ದೂ ಅಲ್ಲದಂತಾಯಿತು. ಹಾಗಾಗಿ ಅಪ್ಪ ದೋಣಿ ನಡೆಸುವುದು ಮುಳುಗಿದ ಊರಿನ ಗುರುತಿನ ಮೇಲೆ. 'ಕಣದ ಹತ್ರ ನಿಧಾನ', 'ಪಟೇಲರ ಅಟ್ಟದ ಮೇಲೆ ಗಾಳಿ ಜಾಸ್ತಿ', 'ಬಾವಿ ದಾಟಿದ ಮೇಲೆ ತಿರುಗ್ಸಾದು'. ಹೊಸಬರು ಸುತ್ತ ನೋಡಿದರೆ ಬರೀ ನೀರು.

ಈ ಗುರುತುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಚೌಡಿ, ಊರು ಕಾಯುವ ದೇವಿ. ಊರಿನ ಚೌಡಿಯ ಕಲ್ಲನ್ನು ಎತ್ತಲು ಆಗದೆ ಅಲ್ಲೇ ಬಿಟ್ಟು, ಗುಡ್ಡದ ಮೇಲೆ ಹೊಸ ಕಲ್ಲು ನೆಟ್ಟು ಪೂಜೆ ಶುರು ಮಾಡಿದ್ದರು. ಆದರೂ ಹಳೆಯ ಜಾಗ ಬಂದಾಗ ಎಲ್ಲ ದೋಣಿಯವರೂ ಇಂಜಿನ್ ನಿಲ್ಲಿಸಬೇಕು, ಚಪ್ಪಲಿ ತೆಗೆಯಬೇಕು, ಸುಮ್ಮನೆ ತೇಲಿ ದಾಟಬೇಕು. ಅಲ್ಲಿ ಬಲೆ ಬಿಡುವಂತಿಲ್ಲ, ಲಂಗರಂತೂ ಹಾಕುವಂತೆಯೇ ಇಲ್ಲ. ಜಾಗ ತೋರಿಸಿಕೊಟ್ಟವನು ಅಪ್ಪ, ಊರು ಕಂಡವರಲ್ಲಿ ಉಳಿದವನು ಅವನೊಬ್ಬನೇ. ಕುಡಿದು ತೂರಾಡುವ ಮೀನಿನವರೂ ಅಲ್ಲಿ ಫೋನಿನ ಹಾಡು ನಿಲ್ಲಿಸಿ ಚಪ್ಪಲಿ ಬಿಡುವುದನ್ನು ನೋಡಿ ನಾನು ಎಷ್ಟು ಸಲ ನಕ್ಕಿದ್ದೇನೋ. ಅಷ್ಟು ಕೆಳಗಿರುವ ದೇವಿಗೆ ನಮ್ಮ ಚಪ್ಪಲಿ ಕಾಣುತ್ತದೆಯೇ, ಈಗ ಅವಳ ಒಕ್ಕಲೆಲ್ಲ ಮೀನುಗಳೇ ಎಂದು ಅಪ್ಪನನ್ನು ಕೆಣಕುತ್ತಿದ್ದೆ. ಅಪ್ಪ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಪರೀಕ್ಷೆಗೆ ಕಬ್ಬಿಣದ ಲಂಗರು ಇರಲೇಬೇಕು ಎಂದಿತ್ತು. ಅಪ್ಪ ಅಲ್ಲಿಯವರೆಗೆ ಹಗ್ಗಕ್ಕೆ ಕಲ್ಲು ಕಟ್ಟಿ ಬಿಡುತ್ತಿದ್ದವನು. ಸಾಗರದಲ್ಲಿ ಗೇಟು, ಗ್ರಿಲ್ಲು ಮಾಡುವವನ ಹತ್ತಿರ ಹೋಗಿ, ಪುಸ್ತಕದ ಚಿತ್ರ ತೋರಿಸಿ, ನಾಲ್ಕು ಕೊಕ್ಕೆಯ ಲಂಗರು ಮಾಡಿಸಿದೆ. ನಡುವೆ ಒಂದು ಕಮಲದ ಹೂವು ಕೂರಿಸಲೇ ಎಂದು ಅವನು ಕೇಳಿದ, ಬೇಡ ಎಂದು ತಪ್ಪಿಸಿಕೊಂಡು ಬರಬೇಕಾದರೆ ಸಾಕುಬೇಕಾಯಿತು. ಅಪ್ಪ ಅದರ ಕೊಕ್ಕೆಗಳ ಮೇಲೆ ಬೆರಳಾಡಿಸಿ, "ಇದು ಭಾರೀ ಗೀರ್ತದೆ" ಎಂದ.

ಪರೀಕ್ಷೆ ಮಾಡಲು ಬಂದ ಸಾಹೇಬರು ಕರಾವಳಿಯವರು. ಕೇಸರಿ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡೇ ಜೀಪಿನಿಂದ ಇಳಿದರು. ನೀರಿಗೆ ಇನ್ನೂ ದೂರವಿತ್ತು. ಒಳ್ಳೆಯ ಮನುಷ್ಯ, ಅಮ್ಮನ ಕಡುಬನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಜಗಲಿಯ ಮೇಲೆ ಪ್ರಶ್ನೆ ಕೇಳಿದಾಗ ಅಪ್ಪ ಮಗ್ಗಿಯ ರಾಗದಲ್ಲೇ ಎಲ್ಲ ಒಪ್ಪಿಸಿದ. ಪೋರ್ಟಿಗೆ ಕೆಂಪು ದೀಪ, ಸ್ಟಾರ್‌ಬೋರ್ಡಿಗೆ ಹಸಿರು. ಸ್ಟರ್ನ್ ಹೇಳುವಾಗ ಒಂದು ಕ್ಷಣ ಬಾಯಿ ತೆರೆದು ನನ್ನ ಮುಖ ನೋಡಿದ. ನಾನು ಕಣ್ಣಲ್ಲೇ ಗದರಿದೆ, ಪಾರಾದೆವು.

ಆಮೇಲೆ ದೋಣಿ ಹತ್ತಿದೆವು. ಸಹಾಯಕ್ಕೆ ಒಬ್ಬ ಖಲಾಸಿ ಬೇಕು ಎಂದಿದ್ದರಿಂದ ನಾನೇ ಖಲಾಸಿ. ಅಪ್ಪ ತಿಂಗಳುಗಳ ನಂತರ ಚುಕ್ಕಾಣಿ ಹಿಡಿದಿದ್ದ. ಸಾಹೇಬರು ಖಾಲಿ ಕ್ಯಾನೊಂದನ್ನು ನೀರಿಗೆಸೆದು ಮನುಷ್ಯ ಬಿದ್ದಿದ್ದಾನೆ ಎಂದರು. ಅಪ್ಪ ಗಾಳಿಗೆ ಎದುರಾಗಿ ಬಂದು ಕ್ಯಾನನ್ನು ಸಲೀಸಾಗಿ ಎತ್ತಿಕೊಂಡ. ಎಲ್ಲವೂ ಸರಿಯಾಗೇ ನಡೆದಿತ್ತು. ಅಷ್ಟರಲ್ಲಿ ಚೌಡಿಯ ಜಾಗ ಬಂತು, ಅಪ್ಪ ಯಾರೂ ಹೇಳದೆ ಇಂಜಿನ್ ನಿಲ್ಲಿಸಿದ, ಚಪ್ಪಲಿ ಬಿಟ್ಟ.

ಇಂಜಿನ್ ಕೆಟ್ಟಿತೇ ಎಂದು ಸಾಹೇಬರು ಕೇಳಿದರು. ಇಲ್ಲ ಎಂದ ಅಪ್ಪ. ಸಾಹೇಬರು ಸುತ್ತ ನೋಡಿ, "ಆಯ್ತು, ಕೆಟ್ಟಿದೆ ಅಂತಲೇ ಇಟ್ಟುಕೊಳ್ಳುವ. ಗಾಳಿ ಉಂಟು, ದೋಣಿ ಆ ಬಂಡೆ ಕಡೆ ಹೋಗ್ತಾ ಉಂಟು. ಲಂಗರು ಹಾಕಿ" ಎಂದರು.

"ಇಲ್ಲಿ ಬ್ಯಾಡ ಸಾರ್. ಚೂರು ಮುಂದೆ ಹಾಕ್ತೀನಿ."

"ಇಂಜಿನ್ ಕೆಟ್ಟ ಮೇಲೆ ಮುಂದೆ ಹೇಗೆ ಹೋಗ್ತೀರಿ?"

ನಾನು ನಡುವೆ ಬಾಯಿ ಹಾಕಿ, ಕೆಳಗೆ ದೇವರಿದ್ದಾಳೆ ಸಾರ್, ಚೌಡಿ ಎಂದೆ. ಸಾಹೇಬರು ತಕ್ಷಣ ಕೈ ಮುಗಿದರು. ಆದರೆ ಅವರ ಮುಖ ಗಟ್ಟಿಯಾಯಿತು. "ದೈವ ದೇವರು ನಮ್ಮಲ್ಲೂ ಉಂಟಮ್ಮ. ಆದ್ರೆ ಮಕ್ಕಳನ್ನು ತುಂಬಿಕೊಂಡು ಹೋಗುವಾಗ ಹೀಗೇ ಆದ್ರೆ? ದೇವರಿಗೆ ಹೆದರಿ ಲಂಗರು ಹಾಕದವರಿಗೆ ನಾನು ಪರವಾನಗಿ ಕೊಡುದು ಹೇಗೆ? ನೀವೇ ಹೇಳಿ."

ಅವರು ಹೇಳಿದ್ದು ಸರಿಯಾಗಿತ್ತು. ದೋಣಿ ನಿಧಾನಕ್ಕೆ ತೇಲುತ್ತಿತ್ತು. ಅಪ್ಪನ ಪರವಾನಗಿ, ಅವನ ಊಟ, ನಿದ್ದೆ, ಅವನ ಮುಂದಿನ ವರ್ಷಗಳೆಲ್ಲ ಇನ್ನು ಸ್ವಲ್ಪ ಹೊತ್ತಿನಲ್ಲಿ ಬಂಡೆಗೆ ಹೋಗಿ ಬಡಿಯುವುದರಲ್ಲಿದ್ದವು. ನಾನು ಅವನ ಕಿವಿಯ ಹತ್ತಿರ ಬಗ್ಗಿ, "ಹಾಕಪ್ಪ, ಚೌಡಿ ಇಷ್ಟೊತ್ತಿಗೆ ಈಜು ಕಲ್ತಿರ್ತಾಳೆ" ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಸಾಹೇಬರ ಕಡೆ ತಿರುಗಿದ.

"ಚೌಡಿ ಅಲ್ಲ ಸಾರ್. ಚೌಡಿಗೆ ನಾ ಹೆದ್ರಲ್ಲ. ಇದು ನಮ್ಮನೆ ಅಂಗಳ."

ಸಾಹೇಬರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಇಷ್ಟು ವರ್ಷ ಇಡೀ ಹಿನ್ನೀರಿನವರು, ಕುಡುಕರು, ಮೀನಿನವರು, ಶಾಲೆಯ ಮಕ್ಕಳು, ಇಂಜಿನ್ ನಿಲ್ಲಿಸಿ ಚಪ್ಪಲಿ ಬಿಟ್ಟು ಕೈ ಮುಗಿದದ್ದು ನಮ್ಮ ಮನೆಯ ಅಂಗಳಕ್ಕೆ. ದೇವರ ಬಗ್ಗೆ ನಾನು ಮಾಡಿದ್ದೆಲ್ಲ ಬರೀ ಬಾಯಿಮಾತಿನ ತಮಾಷೆ. ನನ್ನಪ್ಪ ಆ ದೇವಿಯನ್ನೇ ಎತ್ತಿ ತಂದು ಮನೆ ಕಾಯಲು ಕೂರಿಸಿದ್ದ.

"ನಮ್ಮನೆ ಅಂದ್ರೆ ಯಾರು ಕೇಳ್ತಿದ್ರು ಸಾರ್? ಬಲೆ ಎಳೀತಿದ್ರು, ಕಲ್ಲು ಬಿಡ್ತಿದ್ರು. ಚೌಡಿ ಅಂದ್ರೆ ಸುಮ್ನಿರ್ತಾರೆ."

ಸಾಹೇಬರು ನೀರನ್ನೇ ನೋಡುತ್ತಾ, "ಮನೆಯವರು ಕ್ಷಮಿಸ್ತಾರೆ. ಹಾಕಿ" ಎಂದಷ್ಟೇ ಹೇಳಿದರು.

ಅಪ್ಪ ನನ್ನ ಕೈಯಿಂದ ಲಂಗರು ತೆಗೆದುಕೊಂಡ. ಎಸೆಯಲಿಲ್ಲ. ದೋಣಿಯ ಅಂಚಿಗೆ ಮಂಡಿಯೂರಿ, ಬಾವಿಗೆ ಕೊಡಪಾನ ಇಳಿಸುವ ಹಾಗೆ ಹಗ್ಗವನ್ನು ಕೈಯಿಂದ ಕೈಗೆ ಬಿಡುತ್ತಾ, ಮಾರು ಮಾರು ಇಳಿಸಿದ. ಹಗ್ಗ ಮುಗಿಯುತ್ತಾ ಬಂದಾಗ ನೀರಿನ ಹತ್ತಿರ ಮುಖ ತಂದು, ಒಳಮನೆಯಲ್ಲಿರುವವರಿಗೆ ಹೇಳುವ ದನಿಯಲ್ಲಿ ಹೇಳಿದ.

"ಅವ್ವಾ, ಚೂರು ಕಾಲು ತೆಗಿ."

ನೀರು ಏರಿದ ವರ್ಷ ನನ್ನಜ್ಜಿ ಅಂಗಳದಲ್ಲಿ ಕಾಲು ಚಾಚಿ ಕೂತವಳು ಏಳಲೇ ಇಲ್ಲವಂತೆ. ಸರ್ಕಾರದ ಜೀಪು ಬಂದು ಹೋಯಿತಂತೆ, ಅಜ್ಜ ಬೈದನಂತೆ. ಕೊನೆಗೆ ನೀರು ಅಂಗಳಕ್ಕೆ ಬಂದು ಅವಳ ಪಾದ ಮುಟ್ಟಿದ ಮೇಲೆ ಇಬ್ಬರು ಹಿಡಿದು ಎತ್ತಿಕೊಂಡು ಗುಡ್ಡ ಹತ್ತಿದರಂತೆ. ಹೊಸ ಮನೆಯಲ್ಲಿ ಅವಳು ಹೆಚ್ಚು ದಿನ ಇರಲಿಲ್ಲ. ಇದನ್ನೆಲ್ಲ ಅಪ್ಪ ಹೇಳಿದ್ದು ಆ ದಿನ ಸಂಜೆ. ದೋಣಿಯಲ್ಲಿ ಆಗ ನನಗೆ ಇದ್ಯಾವುದೂ ತಿಳಿದಿರಲಿಲ್ಲ, ಆದರೂ ನಾನು ಅತ್ತೆ. ಸಾಹೇಬರು ಹಗ್ಗ ಜಗ್ಗಿ ನೋಡಿ, ಲಂಗರು ಚೆನ್ನಾಗಿ ಕಚ್ಚಿದೆ ಎಂದರು. ಮೇಲೆ ಬಂದಾಗ ಕೊಕ್ಕೆಗಳಲ್ಲಿ ಹೆಂಚಿನ ಚೂರೂ ಇರಲಿಲ್ಲ, ಬರೀ ಕೆಸರು. ಅಪ್ಪ ಆ ಕೆಸರನ್ನೂ ಬೇರೆ ಕಡೆ ಒಯ್ಯದೆ ಅಲ್ಲೇ ತೊಳೆದು ಬಿಟ್ಟ.

ಅಪ್ಪ ಪಾಸಾದ. ಆದರೆ ದೂರದಲ್ಲಿ ಬಲೆ ಬಿಡುತ್ತಿದ್ದ ಮೀನಿನವರು ಎಲ್ಲವನ್ನೂ ನೋಡಿದ್ದರು. ಪರವಾನಗಿಗೆಂದು ಚೌಡಿಯ ತಲೆಯ ಮೇಲೆ ಕಬ್ಬಿಣ ಇಳಿಸಿದ ಎಂದು ಸಂಜೆಯೊಳಗೆ ಇಡೀ ಕೇರಿಗೆ ಸುದ್ದಿಯಾಯಿತು. ದೇವಿಗೆ ತಪ್ಪುಕಾಣಿಕೆ ಒಪ್ಪಿಸದಿದ್ದರೆ ಯಾರೂ ಅವನ ದೋಣಿ ಹತ್ತುವುದಿಲ್ಲ ಎಂದರು. ಅಪ್ಪ ಒಂದೇ ಮಾತು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೇಳಲಿಲ್ಲ. ಅಮ್ಮ ಮುದ್ದಿನಿಂದ ಸಾಕಿದ್ದ ಹುಂಜವನ್ನು ಕಂಕುಳಲ್ಲಿ ಹಿಡಿದುಕೊಂಡು ಗುಡ್ಡದ ಚೌಡಿಯ ಮುಂದೆ ನಿಂತ. ತನ್ನ ಮನೆಯ ಅಂಗಳದಲ್ಲಿ ತಾನು ಲಂಗರು ಹಾಕಿದ್ದಕ್ಕೆ ಎಲ್ಲರೆದುರು ಕೆನ್ನೆ ಬಡಿದುಕೊಂಡು ತಪ್ಪಾಯಿತು ಎಂದ.

ಇಳಿದು ಬರುವಾಗ ಹುಂಜ ಸುಮ್ಮನೆ ಹೋಯಿತಲ್ಲಪ್ಪ ಎಂದೆ.

"ಸುಮ್ನೆ ಎಂತಕ್ಕೆ? ಇಷ್ಟು ವರ್ಷ ಅವ್ಳ ಹೆಸ್ರು ಹೇಳ್ಕಂಡು ಮನೆ ಉಳಿಸ್ಕಂಡಿದೀನಿ. ಒಂದು ಹುಂಜ ಹೆಚ್ಚಾತಾ?"

"ಹಂಗಾರೆ ನಿಜವಾದ ಚೌಡಿ ಎಲ್ಲಿದಾಳೆ?"

ಅಪ್ಪ ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡ. ಕೆಳಗೆ, ದೂರದಲ್ಲಿ, ಲಾಂಚ್ ಓಡಾಡುತ್ತಿದ್ದ ನೀರಿನ ಕಡೆಗೆ ಗದ್ದ ಎತ್ತಿ ತೋರಿಸಿದ.

"ಅಲ್ಲಿ. ದಿನಾ ಬಸ್ಸು ಹೊತ್ಕಂಡು ಅವ್ಳ ಮೇಲೇ ಹೋಗ್ತಿತ್ತು. ಪಾಪ, ಒಂದ್ ದಿನ ಒಂದ್ ಮಾತು ಅಂದೋಳಲ್ಲ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದ, "ಅವ್ವ ಆದ್ರೆ ಬೇಜಾರು ಮಾಡ್ಕಂತಿದ್ಲು."